ಚಿತ್ತೆ ಮಳೆಗೆ ರಾಗಿ ಕತ್ತು ಕಪ್ಪಾಗ್ತಿದೆ, ಈಗ ಔಷಧಿ ಹೊಡೆದ್ರೆ ತೆನೆ ಉಳಿಯುತ್ತಾ?

ಕೆಂಪುಹೊಲ (ಕುಣಿಗಲ್ ಕಡೆ)
19 ಅಕ್ಟೋಬರ್ 2024, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ರಾಗಿ ಬೆಳೆಯೋರು ದಯವಿಟ್ಟು ಒಂದ್ಸಲ ಓದಿ.

ನಂದು ಎರಡು ತಾಕು. ಮೊದಲನೇದು ಎರಡು ಎಕರೆ, ಕೆರೆ ಹಿಂದಿನ ತಗ್ಗು ಹೊಲ. ಜುಲೈ 24ಕ್ಕೆ ಪುಷ್ಯ ಮಳೆ ಹದದಲ್ಲಿ ಕೂರಿಗೆ ಹಾಕಿಸಿದ್ದು, ಮನೆ ಬೀಜ. ಎರಡನೇದು ಒಂದೂವರೆ ಎಕರೆ, ದಿಣ್ಣೆ ಮೇಲೆ. ಅದಕ್ಕೆ ರೈತ ಸಂಪರ್ಕ ಕೇಂದ್ರದಿಂದ ಎಂಎಲ್-365 ತಳಿ ಬೀಜ ತಂದು ಜುಲೈ ಕೊನೆಗೆ ಒಟ್ಲು (ಸಸಿ ಮಡಿ) ಬಿಟ್ಟು, ಮಖೆ ಮಳೆಯಲ್ಲಿ ಆಗಸ್ಟ್ 25ಕ್ಕೆ ಪೈರು ನಾಟಿ ಮಾಡಿದ್ದು.

ತಗ್ಗಿನ ಹೊಲ ಹದಿನೈದು ದಿನದ ಹಿಂದೆ ನೋಡಿದವರೆಲ್ಲ ಹೊಗಳಿದ್ರು. ಸೊಂಟಕ್ಕೆ ಬಂದಿತ್ತು, ಕಡುಹಸಿರು. ಈ ವಾರ ಬಿಡದೆ ಮೋಡ, ಸೋನೆ, ಬೆಳಗ್ಗೆ ಹತ್ತಾದರೂ ಎಲೆ ಮೇಲಿನ ನೀರು ಆರಲ್ಲ. ಇವತ್ತು ಹೋಗಿ ನೋಡಿದ್ರೆ ತೆನೆ ಕೆಳಗೆ ಎರಡು ಮೂರು ಇಂಚು ಕಪ್ಪು. ಕೆಲವು ತೆನೆ ಬೆಳ್ಳಗಾಗಿ ನೇತಾಡ್ತಿವೆ, ಹಿಚುಕಿದ್ರೆ ಕಾಳಿಲ್ಲ, ಬರೀ ಜೊಳ್ಳು. ಅಮ್ಮ ನೋಡಿ ಬದುವಿನ ಮೇಲೆ ಕೂತುಬಿಟ್ಟಳು.

ಈಗ ಏನು ಹೊಡೆದ್ರೆ ಉಳಿಯುತ್ತೆ? ನಾಳೆ ಬೆಳಗ್ಗೆ ಅಂಗಡಿಗೆ ಹೋಗೋನಿದ್ದೀನಿ.

ಅರಸೀಕೆರೆ ಬೆದ್ದಲು
19 ಅಕ್ಟೋಬರ್, ರಾತ್ರಿ 9:42

ತಮ್ಮಾ, ಅಂಗಡಿಗೆ ಹೋಗೋಕೆ ಮುಂಚೆ ಇನ್ನೊಂದ್ಸಲ ಹೊಲಕ್ಕೆ ಹೋಗು. ಬೆಳ್ಳಗಾದ ತೆನೆ ಎಲ್ಲಾ ಬೆಂಕಿ ರೋಗ (ಎಲೆಗೆ ಚುಕ್ಕೆ ಬಂದು ಕತ್ತು ಕಪ್ಪಾಗೋ ಶಿಲೀಂಧ್ರ ರೋಗ) ಅಲ್ಲ. ಒಂದು ಬಿಳಿ ತೆನೆ ಹಿಡಿದು ಮೆಲ್ಲಗೆ ಮೇಲಕ್ಕೆ ಎಳಿ. ಸಲೀಸಾಗಿ ಕಿತ್ತು ಬಂದು, ಬುಡದ ಹತ್ರ ಕಡ್ಡಿ ತಿಂದು ಹಾಕಿದ ಹಾಗಿದ್ದು, ಸೀಳಿದ್ರೆ ಒಳಗೆ ತೂತು, ಹಿಕ್ಕೆ ಕಂಡ್ರೆ ಅದು ಕಾಂಡ ಕೊರೆಯೋ ಹುಳ. ಅದಕ್ಕೆ ಬೆಂಕಿ ರೋಗದ ಔಷಧಿ ಹೊಡೆದು ಏನೂ ಪ್ರಯೋಜನ ಇಲ್ಲ. ತೆನೆ ಕಿತ್ತು ಬರದೆ ಕತ್ತಿನ ಕಪ್ಪು ಜಾಗದಲ್ಲೇ ಲಟಕ್ಕಂತ ಮುರಿದ್ರೆ ಅದು ಕುತ್ತಿಗೆ ಬೆಂಕಿ.

ಹಾಗೇ ಎಣಿಸ್ಕೊಂಡು ಬಾ. ಬದುವಿನ ಮೇಲೆ ನಿಂತು ನೋಡಿದ್ರೆ ಪೂರ್ತಿ ಹೊಲ ಹೋದಂಗೇ ಕಾಣುತ್ತೆ. ಒಳಗೆ ನಡೆದು ಹತ್ತು ಕಡೆ ನಿಲ್ಲು, ಒಂದೊಂದು ಕಡೆ ಕೈಗೆ ಸಿಕ್ಕ ಹತ್ತು ತೆನೆ ನೋಡು, ಆರಿಸಬೇಡ. ನೂರರಲ್ಲಿ ಎಷ್ಟು ಕಪ್ಪು ಅನ್ನೋದು ಗೊತ್ತಾಗಲಿ. ಎರಡೂ ತಾಕಿಗೆ ಬೇರೆ ಬೇರೆ ಎಣಿಸು. ಗೊಬ್ಬರ ಏನು ಹಾಕಿದ್ದೆ ಅದನ್ನೂ ಬರಿ.

ಕೆಂಪುಹೊಲ
20 ಅಕ್ಟೋಬರ್, ಬೆಳಗ್ಗೆ 11:25

ಅಣ್ಣ, ಹೇಳಿದ ಹಾಗೆ ಮಾಡಿದೆ. ಬಿಳಿ ತೆನೆಗಳಲ್ಲಿ ನಾಲ್ಕೈದು ಕಿತ್ತು ಬಂದವು, ಒಳಗೆ ಗುಲಾಬಿ ಬಣ್ಣದ ಹುಳ ಸಿಕ್ತು. ಉಳಿದದ್ದೆಲ್ಲ ಕತ್ತಿನಲ್ಲೇ ಮುರೀತು.

ತಗ್ಗಿನ ಹೊಲ: ನೂರಕ್ಕೆ 34 ಕತ್ತು ಕಪ್ಪು. ಇನ್ನೊಂದು ಹದಿನೈದು ತೆನೆಗೆ ಇಲುಕಿನ (ತೆನೆಯ ಬೆರಳು) ತುದಿಯಿಂದ ಕಂದು ಬಣ್ಣ ಇಳೀತಿದೆ. ದಿಣ್ಣೆ ಹೊಲ: ಈಗ ತಾನೇ ಹೊಡೆ ಒಡೀತಿದೆ, ಮುಕ್ಕಾಲು ಭಾಗ ಇನ್ನೂ ತೆನೆ ಹೊರಗೆ ಬಂದಿಲ್ಲ. ಕತ್ತು ಕಪ್ಪಾಗಿದ್ದು ಒಂದೂ ಇಲ್ಲ, ಎಲೆ ಮೇಲೆ ಅಲ್ಲೊಂದು ಇಲ್ಲೊಂದು ಚುಕ್ಕೆ. ನಡುವೆ ಬೂದಿ, ಸುತ್ತ ಕಂದು, ಎರಡೂ ತುದಿ ಚೂಪು.

ಗೊಬ್ಬರ: ತಗ್ಗಿನ ಎರಡೆಕರೆಗೆ ಬಿತ್ತನೆಯಲ್ಲಿ ಡಿಎಪಿ ಎರಡು ಮೂಟೆ. ಪೈರು ಒಂದು ತಿಂಗಳಾದಾಗ ಯೂರಿಯಾ ಎರಡು ಮೂಟೆ. ಉತ್ತರೆ ಮಳೆ ಬಿದ್ದ ಮೇಲೆ ಇನ್ನೊಂದು ಮೂಟೆ ಯೂರಿಯಾ ಎರಚಿದೆ. ಪೊಟ್ಯಾಷ್ ಸಿಗಲಿಲ್ಲ, ಹಾಕಿಲ್ಲ. ದಿಣ್ಣೆಗೆ ಆರು ಗಾಡಿ ಕೊಟ್ಟಿಗೆ ಗೊಬ್ಬರ, ಒಂದು ಮೂಟೆ ಯೂರಿಯಾ ಅಷ್ಟೇ.

ಗಿಡದ ಜ್ವರ (ಕೃಷಿ ಪದವೀಧರ)
20 ಅಕ್ಟೋಬರ್, ಮಧ್ಯಾಹ್ನ 1:50

ಎಣಿಸಿ ಬರೆದಿದ್ದಕ್ಕೆ ಧನ್ಯವಾದ, ಇಷ್ಟು ವಿವರ ಸಿಕ್ಕಿದರೆ ಮಾತಾಡಲು ಸುಲಭ. ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಕಪ್ಪಾದ 34 ತೆನೆಗೆ ಯಾವ ಔಷಧಿಯೂ ಇಲ್ಲ. ಕತ್ತಿನೊಳಗೆ ಶಿಲೀಂಧ್ರ ಬೆಳೆದು ನೀರು, ಆಹಾರ ಮೇಲೇರುವ ದಾರಿ ಮುಚ್ಚಿಹೋಗಿದೆ. ಇನ್ನು ಆ ತೆನೆ ತುಂಬುವುದಿಲ್ಲ.

ಇದು ಪಿರಿಕ್ಯುಲೇರಿಯಾ ಎಂಬ ಶಿಲೀಂಧ್ರ. ಪೈರಿನಲ್ಲಿ ಎಲೆಗೆ ಬರುತ್ತೆ, ತೆನೆ ಬಿಡುವಾಗ ಕತ್ತಿಗೆ, ಆಮೇಲೆ ಇಲುಕಿಗೆ. ಮೂರೂ ಒಂದೇ ರೋಗ. ಬೀಜದಲ್ಲಿ, ಹಳೇ ಹುಲ್ಲಿನಲ್ಲಿ, ಬದುವಿನ ಹುಲ್ಲುಕಳೆಗಳಲ್ಲಿ ಉಳಿದುಕೊಂಡಿರುತ್ತೆ. ಅದಕ್ಕೆ ಬೇಕಾಗಿರೋದು ಮೂರು: ರಾತ್ರಿ ತಂಪು, ಗಾಳಿಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ತೇವ, ರಾತ್ರಿಯಿಂದ ಬೆಳಗಿನವರೆಗೆ ಒದ್ದೆಯಾಗಿರೋ ಎಲೆ. ಜೋರು ಮಳೆ ಬಂದು ಮರುದಿನ ಚುರುಕು ಬಿಸಿಲು ಬಂದರೆ ಇಷ್ಟು ಹರಡಲ್ಲ. ನಿಮ್ಮಲ್ಲಿ ಆದ ಹಾಗೆ ನಾಲ್ಕೈದು ದಿನ ಮೋಡ, ಸೋನೆ, ಇಬ್ಬನಿ ಸೇರಿ, ಅದೇ ವಾರ ತೆನೆ ಹೊರಬಂದರೆ ಹೊಸ ಕತ್ತಿಗೆ ನೇರವಾಗಿ ತಗಲುತ್ತೆ.

ಗೊಬ್ಬರದ ಲೆಕ್ಕ ನೋಡಿ. ಡಿಎಪಿ ಮೂಟೆಯಲ್ಲಿ 9 ಕೆಜಿ ಸಾರಜನಕ, ಎರಡಕ್ಕೆ 18. ಯೂರಿಯಾ 45 ಕೆಜಿ ಮೂಟೆಯಲ್ಲಿ ಹತ್ತಿರ ಹತ್ತಿರ 20.7, ಮೂರಕ್ಕೆ 62. ಒಟ್ಟು 80, ಅಂದರೆ ಎಕರೆಗೆ 40 ಕೆಜಿ. ಮಳೆಯಾಶ್ರಿತ ರಾಗಿಗೆ ಶಿಫಾರಸು ಎಕರೆಗೆ 20. ನೀವು ಎರಡರಷ್ಟು ಕೊಟ್ಟಿದ್ದೀರಿ, ಅದರಲ್ಲೂ ಕೊನೆಯ ಮೂಟೆ ತೆನೆ ಕಟ್ಟೋಕೆ ಸ್ವಲ್ಪ ಮುಂಚೆ. ಆ ಕಡುಹಸಿರು, ಮೆತ್ತನೆ ಎಲೆ ಇದೆಯಲ್ಲ, ಈ ಶಿಲೀಂಧ್ರಕ್ಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಮೇಲೆ ತಗ್ಗು, ಗಾಳಿ ಆಡಲ್ಲ, ಇಬ್ಬನಿ ತಡವಾಗಿ ಆರುತ್ತೆ.

ಈಗ ಮಾಡೋದು: ತಗ್ಗಿನ ಹೊಲಕ್ಕೆ ಹಣ ಸುರಿಯಬೇಡಿ. ದಿಣ್ಣೆ ಹೊಲ ಉಳಿಸಿಕೊಳ್ಳಿ. ಇಂಥ ವಾತಾವರಣದಲ್ಲಿ ಔಷಧಿಗೆ ಸರಿಯಾದ ಹೊತ್ತು ಅಂದ್ರೆ ತೆನೆ ಹೊರಬರ್ತಿರೋವಾಗ, ಕತ್ತು ಕಪ್ಪಾದ ಮೇಲಲ್ಲ. ಕಾರ್ಬೆಂಡಜಿಮ್ 50 ಡಬ್ಲ್ಯುಪಿ, ಲೀಟರಿಗೆ 1 ಗ್ರಾಂ, ಇದು ನಮ್ಮ ಬೇಸಾಯ ಕ್ರಮಗಳಲ್ಲಿ ಬಹಳ ವರ್ಷದಿಂದ ಇರುವ ಪ್ರಮಾಣ. ಎಕರೆಗೆ 200 ಲೀಟರ್ ನೀರು ಬೇಕು. ಒಂದೂವರೆ ಎಕರೆಗೆ 300 ಲೀಟರ್, 300 ಗ್ರಾಂ ಪುಡಿ, 16 ಲೀಟರ್ ಕ್ಯಾನಿನಲ್ಲಿ ಹತ್ತೊಂಬತ್ತು ಕ್ಯಾನು. ಎಂಟು ಹತ್ತು ಕ್ಯಾನಿಗೆ ಮುಗಿಸಿದರೆ ಕತ್ತಿನವರೆಗೆ ಮುಟ್ಟಲ್ಲ. ಹತ್ತು ದಿನ ಬಿಟ್ಟು ಹವಾ ನೋಡಿ ಇನ್ನೊಂದು. ಹೋಗೋ ಮುಂಚೆ ರೈತ ಸಂಪರ್ಕ ಕೇಂದ್ರದಲ್ಲಿ ಈ ವರ್ಷ ಏನು ಹೇಳ್ತಿದ್ದಾರೆ ಒಂದು ಮಾತು ಕೇಳಿ.

ಅರಸೀಕೆರೆ ಬೆದ್ದಲು
20 ಅಕ್ಟೋಬರ್, ಮಧ್ಯಾಹ್ನ 3:05

ಸಾರ್, ನಿಮ್ಮ ಮಾತೆಲ್ಲ ಒಪ್ತೀನಿ, ಒಂದನ್ನ ಬಿಟ್ಟು. ಎಂಎಲ್-365 ಬೆಂಕಿ ರೋಗ ತಡ್ಕೊಳ್ಳೋ ತಳಿ. ನಾನು ಆರು ವರ್ಷದಿಂದ ಬೆಳೀತಿದ್ದೀನಿ, ಒಂದು ಸಲವೂ ಔಷಧಿ ಹೊಡೆದಿಲ್ಲ. ಬಡ ರೈತನ ಕೈಲಿ ಸುಮ್ಮನೆ ಖರ್ಚು ಮಾಡಿಸೋದು ಯಾಕೆ?

ಗಿಡದ ಜ್ವರ
20 ಅಕ್ಟೋಬರ್, ಸಂಜೆ 6:30

ನೀವು ಹೇಳೋದು ಸರಿ ಅಣ್ಣ, ಬೇರೆ ವರ್ಷ ಆಗಿದ್ರೆ ನಾನೂ ಬೇಡ ಅಂತಿದ್ದೆ. ತಡ್ಕೊಳ್ಳೋ ತಳಿ ಅಂದ್ರೆ ರೋಗ ಕಡಿಮೆ ಅಂತ, ಬರೋದೇ ಇಲ್ಲ ಅಂತಲ್ಲ. ಇಲ್ಲಿ ಒಂದು ಬದುವಿನ ಆಚೆ ಎರಡೆಕರೆ ತುಂಬ ರೋಗ ಕೂತಿದೆ, ಗಾಳಿ ಬೀಸಿದ ಹಾಗೆಲ್ಲ ಅದರ ಬೀಜಕಣ ಈ ಕಡೆ ಬರ್ತಿದೆ.

ಕೆಂಪುಹೊಲದವರೇ, ಒಂದು ಕೆಲಸ ಮಾಡಿ. ಮಧ್ಯದಲ್ಲಿ ಆರು ಸಾಲು ಹೊಡೆಯದೆ ಬಿಡಿ, ಎರಡೂ ತುದಿಗೆ ಗೂಟ ನೆಡಿ. ಕಟಾವಿಗೆ ಮುಂಚೆ ಎರಡೂ ಕಡೆ ಎಣಿಸಿ. ಯಾರ ಮಾತು ಎಷ್ಟು ನಿಜ ಅಂತ ನಿಮ್ಮ ಹೊಲವೇ ತೋರಿಸುತ್ತೆ.

ಬೀಜದ ಡಬ್ಬಿ (ಚಿಂತಾಮಣಿ)
20 ಅಕ್ಟೋಬರ್, ರಾತ್ರಿ 8:15

ಮನೆ ಬೀಜ ಅಂದ್ರಲ್ಲ, ಯಾವ ತಳಿ ಅದು? ಎಷ್ಟು ವರ್ಷದಿಂದ ಇಟ್ಟಿದ್ದೀರಿ?

ಕೆಂಪುಹೊಲ
20 ಅಕ್ಟೋಬರ್, ರಾತ್ರಿ 8:40

ಅಕ್ಕಾ, ಸರಿಯಾಗಿ ಗೊತ್ತಿಲ್ಲ. ಅಪ್ಪ ಇದನ್ನ ಇಂಡಾಫ್ ಅಂತಿದ್ರು. ಅವರು ಹೋಗಿ ಎಂಟು ವರ್ಷ ಆಯ್ತು, ಅದೇ ಬೀಜ ವರ್ಷಾವರ್ಷ ಎತ್ತಿಡ್ತಾ ಬಂದಿದ್ದೀವಿ. ಮುದ್ದೆ ಬಹಳ ಚೆನ್ನಾಗಿರುತ್ತೆ ಅಂತ ಅಮ್ಮ ಬಿಡಲ್ಲ.

ಬೀಜದ ಡಬ್ಬಿ
20 ಅಕ್ಟೋಬರ್, ರಾತ್ರಿ 9:30

ಅಮ್ಮನ ಮಾತು ಅರ್ಥ ಆಗುತ್ತೆ. ನನ್ನ ಹತ್ರಾನೂ ಹಾಗೆ ಬಿಡಲಾಗದ ಮೂರು ಡಬ್ಬಿ ಇವೆ.

ಆದ್ರೆ ಈ ಬೀಜದ ಹಿಂದಿನ ಕಥೆ ಗೊತ್ತಿರಲಿ. ರಾಗಿ ಲಕ್ಷ್ಮಣಯ್ಯ ಅಂತ ತಳಿ ವಿಜ್ಞಾನಿ, ಕೇಳಿರ್ತೀರಿ. ಅವರು ನಮ್ಮ ನಾಡಿನ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ತೆಗೆದ ತಳಿಗಳೇ ಇಂಡಾಫ್. ಇಂಡಿಯಾದ ಇಂಡ್, ಆಫ್ರಿಕಾದ ಆಫ್. ಎಕರೆಗೆ ನಾಲ್ಕೈದು ಕ್ವಿಂಟಲ್ ನೋಡಿದ್ದ ನಮ್ಮ ತಾತಂದಿರ ಕಣ್ಣಿಗೆ ಆ ತೆನೆಗಳು ದೇವರು ಕೊಟ್ಟ ಹಾಗೆ ಕಂಡವಂತೆ. ಆ ಮನುಷ್ಯನಿಗೆ ನಮ್ಮ ಕಡೆ ಮನೆಮನೆಯಲ್ಲೂ ಋಣ ಇದೆ. ಆದ್ರೆ ಇಂಡಾಫ್-5ರಂಥವು ಬೆಂಕಿ ರೋಗಕ್ಕೆ ಬೇಗ ಬಗ್ಗುತ್ತಿದ್ದವು. ಅದಕ್ಕೇ ಮುಂದೆ ಇಂಡಾಫ್-5ನ್ನು, ಇಂಡಾಫ್-9 ಮತ್ತು ರೋಗ ತಡೆಯೋ ಒಂದು ಆಫ್ರಿಕಾ ತಳಿ ಸೇರಿಸಿದ ಸಂಕರದ ಜೊತೆ ಕೂಡಿಸಿ ಜಿಪಿಯು-28 ಅನ್ನೋ ತಳಿ ತಂದರು. 1990ರ ದಶಕದಲ್ಲಿ ಅದು ಬಂದ ಮೇಲೆ ನಮ್ಮ ಕಡೆ ಬೆಂಕಿ ರೋಗದ ಭಯ ಅರ್ಧ ಇಳೀತು. ಅಂದ್ರೆ ನಿಮ್ಮ ಅಪ್ಪನ ಬೀಜದ ಒಳ್ಳೇ ಗುಣ ಜಿಪಿಯು-28ರ ಒಳಗೂ ಇದೆ, ಅಮ್ಮನಿಗೆ ಹಾಗೆ ಹೇಳಿ ನೋಡಿ.

ಎಂಟು ವರ್ಷ ಮನೆಯಲ್ಲೇ ತಿರುಗಿದ ಬೀಜ ಬೆರಕೆ ಆಗಿರುತ್ತೆ, ರೋಗದ ಅಂಟು ಕೂಡ ಅದರ ಜೊತೆಗೇ ಬಂದಿರುತ್ತೆ. ಈ ವರ್ಷ ತಗ್ಗಿನ ಹೊಲದಿಂದ ಒಂದು ಹಿಡಿ ಬೀಜವನ್ನೂ ಎತ್ತಿಡಬೇಡಿ. ದಯವಿಟ್ಟು.

ನಾಲೆ ಬಯಲು (ಮದ್ದೂರು)
21 ಅಕ್ಟೋಬರ್, ಬೆಳಗ್ಗೆ 7:20

ನಮ್ಮದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಕೆಳಗಿನ ಭತ್ತ. ಇದೇ ಹವಾ, ಇದೇ ಬೆಂಕಿ ರೋಗ. ನಮ್ಮ ಗದ್ದೆ ರೋಗ ಪಕ್ಕದ ಬೆದ್ದಲಿನ ರಾಗಿಗೆ ಹಾರುತ್ತೆ ಅಂತ ನಮ್ಮೂರಲ್ಲಿ ಜಗಳವೇ ಆಗಿದೆ. ಸಾರ್, ಅದು ನಿಜವಾ?

ಗಿಡದ ಜ್ವರ
21 ಅಕ್ಟೋಬರ್, ಬೆಳಗ್ಗೆ 8:45

ಜಗಳ ಬೇಡ. ಶಿಲೀಂಧ್ರದ ಜಾತಿ ಒಂದೇ ಆದರೂ ಅದರ ಒಳಪಂಗಡ ಬೇರೆ. ಭತ್ತದ ಮೇಲೆ ಪಳಗಿದ್ದು ಸಾಮಾನ್ಯವಾಗಿ ರಾಗಿಗೆ ತಗಲಲ್ಲ, ರಾಗಿಯದ್ದು ಭತ್ತಕ್ಕೆ ತಗಲಲ್ಲ. ಆದರೆ ಇದು ಹೊಸ ಬೆಳೆಗೆ ದಾಟಿದ ಚರಿತ್ರೆಯೂ ಇದೆ. 1985ರಲ್ಲಿ ಬ್ರೆಜಿಲ್‌ನಲ್ಲಿ ಗೋಧಿಗೆ ಮೊದಲ ಸಲ ಕಾಣಿಸಿತು, 2016ರಲ್ಲಿ ಬಾಂಗ್ಲಾದೇಶದಲ್ಲಿ ಸುಮಾರು 15,000 ಹೆಕ್ಟೇರ್ ಗೋಧಿಗೆ ಬಡಿಯಿತು. ಅದಕ್ಕೇ ಹುಲ್ಲುಕಳೆ ಬದುವಿನ ಮೇಲೆ ಬೆಳೆಯೋಕೆ ಬಿಡಬೇಡಿ ಅಂತ ಮತ್ತೆ ಮತ್ತೆ ಹೇಳೋದು.

ಕೆಂಪುಹೊಲ
21 ಅಕ್ಟೋಬರ್, ಮಧ್ಯಾಹ್ನ 12:10

ಅಂಗಡಿಗೆ ಹೋಗಿ ಬಂದೆ. ಕಾರ್ಬೆಂಡಜಿಮ್ ಕೇಳಿದೆ. ಕೊಟ್ಟರು, ಅದರ ಜೊತೆ ತೆನೆ ತುಂಬೋಕೆ ಅಂತ ಒಂದು ಟಾನಿಕ್, ಹುಳಕ್ಕೆ ಒಂದು ಬಾಟಲಿ, ಇನ್ನೇನೋ ಹಾರ್ಮೋನು, ಎಲ್ಲಾ ಒಂದೇ ಕ್ಯಾನಿಗೆ ಹಾಕಿ ಅಂದ್ರು. 2,600 ಆಯ್ತು. ಮಳೆ ಇನ್ನೂ ಬಿಟ್ಟಿಲ್ಲ. ಎಲ್ಲಾ ಬೆರೆಸಬಹುದಾ?

ನಾಲೆ ಬಯಲು
21 ಅಕ್ಟೋಬರ್, ಮಧ್ಯಾಹ್ನ 12:35

ಬೆರೆಸಬೇಡಿ ಅಣ್ಣ. ನಾಲ್ಕು ವರ್ಷದ ಹಿಂದೆ ನಾನು ಹೀಗೇ ನಾಲ್ಕು ಬಾಟಲಿ ಒಟ್ಟಿಗೆ ಹಾಕಿದ್ದೆ. ಕ್ಯಾನಿನೊಳಗೆ ಮೊಸರು ಒಡೆದ ಹಾಗಾಯ್ತು, ನಾಜಲ್ ಕಟ್ಟಿಕೊಳ್ತು, ಹೊಡೆದ ಕಡೆ ಎಲೆ ತುದಿ ಸುಟ್ಟಿತು. ಬಿಚ್ಚದ ಬಾಟಲಿ ವಾಪಸ್ ಕೊಡಿ, ಬಿಲ್ ಕೇಳಿ ಇಟ್ಕೊಳ್ಳಿ.

ಇನ್ನೊಂದು ಮಾತು, ಇದು ಭತ್ತದವರಿಗೆ. ಬೆಂಕಿ ರೋಗಕ್ಕೆ ನಾವೆಲ್ಲ ಟ್ರೈಸೈಕ್ಲಾಜೋಲ್ ಹೊಡೀತೀವಿ. ಯುರೋಪಿನವರು 2018ರ ಹೊತ್ತಿಗೆ ಅಕ್ಕಿಯಲ್ಲಿ ಅದರ ಶೇಷದ ಮಿತಿಯನ್ನ ಕೆಜಿಗೆ 1 ಮಿಲಿಗ್ರಾಂನಿಂದ 0.01ಕ್ಕೆ ಇಳಿಸಿದಾಗ ಬಾಸ್ಮತಿ ಬೆಳೆಯೋರು, ಕಳಿಸೋರು ಬಹಳ ಕಷ್ಟಪಟ್ಟರು. ನಮ್ಮ ಅಕ್ಕಿ ಅಲ್ಲಿಗೆ ಹೋಗಲ್ಲ, ನಮ್ಮ ಮಕ್ಕಳ ತಟ್ಟೆಗೆ ಹೋಗುತ್ತೆ. ಮಿತಿ ಮೀರಿ ಹೊಡೆಯದಿರೋಕೆ ನನಗೆ ಆ ಒಂದು ಕಾರಣ ಸಾಕಾಯ್ತು.

ಗಿಡದ ಜ್ವರ
21 ಅಕ್ಟೋಬರ್, ಮಧ್ಯಾಹ್ನ 2:00

ಶಿಲೀಂಧ್ರದ ಔಷಧಿ ಒಂದೇ ಸಾಕು, ಅಂಟುದ್ರವ ಸ್ವಲ್ಪ ಸೇರಿಸಿ. ಹುಳ ನೂರಕ್ಕೆ ನಾಲ್ಕೈದು ಇದ್ದರೆ ಈ ಹಂತದಲ್ಲಿ ಔಷಧಿ ಬೇಡ, ಒಳಗೆ ಸೇರಿಕೊಂಡ ಹುಳಕ್ಕೆ ಅದು ಮುಟ್ಟೋದೂ ಇಲ್ಲ. ಹೊಡೆದ ಮೇಲೆ ಕನಿಷ್ಠ ಐದಾರು ಗಂಟೆ ಮಳೆ ಬರಬಾರದು. ಇಬ್ಬನಿ ಆರಿದ ಮೇಲೆ ಶುರು ಮಾಡಿ. ಮೂಗು ಬಾಯಿಗೆ ಬಟ್ಟೆ, ಕೈಗೆ ಗ್ಲೌಸು, ಗಾಳಿಗೆ ಬೆನ್ನು ಕೊಟ್ಟು ನಡೆಯಿರಿ. ರಾಗಿ ಹುಲ್ಲು ದನಕ್ಕೆ ಹೋಗುತ್ತೆ ಅನ್ನೋದು ನೆನಪಿರಲಿ, ಪೊಟ್ಟಣದ ಮೇಲೆ ಬರೆದಷ್ಟು ದಿನ ಆಗದೆ ಹಸಿ ಹುಲ್ಲು ಕೊಯ್ದು ಹಾಕಬೇಡಿ.

ಸಂಜೆ ಬಸ್ಸು (ಮಾಗಡಿ, ಕೆಲಸ ಬೆಂಗಳೂರು)
21 ಅಕ್ಟೋಬರ್, ರಾತ್ರಿ 10:20

ನಾನು ವಾರಕ್ಕೊಮ್ಮೆ ಊರಿಗೆ ಹೋಗೋನು, ಹೊಲ ಅಪ್ಪ ನೋಡ್ಕೊಳ್ತಾರೆ. ಮಳೆ ಬಿಡುವು ಹುಡುಕೋ ವಿಷಯದಲ್ಲಿ ಮಾತ್ರ ನನ್ನ ಅನುಭವ ಹೇಳ್ತೀನಿ.

ಫೋನಿನಲ್ಲಿ ಕಾಣೋ ಹತ್ತು ದಿನದ ಮುನ್ಸೂಚನೆ ನಂಬಿ ಎರಡು ಸಲ ಕೆಟ್ಟಿದ್ದೀನಿ. ಈಗ ನೋಡೋದು ಮೂರು ದಿನದ್ದು ಮಾತ್ರ. ಹವಾಮಾನ ಇಲಾಖೆಯ ಮೇಘದೂತ್ ಆ್ಯಪ್‌ನಲ್ಲಿ ಮಂಗಳವಾರ, ಶುಕ್ರವಾರ ಜಿಲ್ಲೆಯ ಕೃಷಿ ಸಲಹೆ ಬರುತ್ತೆ, ಅದರಲ್ಲಿ ಮಳೆಯ ಜೊತೆ ಗಾಳಿಯ ತೇವಾಂಶವೂ ಇರುತ್ತೆ. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದವರು ಪಂಚಾಯ್ತಿ ಮಟ್ಟದಲ್ಲೇ ಮಳೆ ಮಾಪಕ ಇಟ್ಟಿದ್ದಾರೆ, ಅವರ ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿದ್ರೆ ಹೋಬಳಿ ಮಳೆ ಹೇಳ್ತಾರೆ.

ಅಪ್ಪ ಇದ್ಯಾವುದನ್ನೂ ನೋಡಲ್ಲ, "ಚಿತ್ತೆ ಮಳೆ ವಿಚಿತ್ರ ಬೆಳೆ" ಅಂತಾರೆ. ಅವರ ಲೆಕ್ಕ ಬೇರೆ: ಯಾವ ತಳಿ ಯಾವ ಮಳೆಗೆ ಬಿತ್ತಿದ್ರೆ ಯಾವ ಮಳೆಗೆ ತೆನೆ ಬರುತ್ತೆ ಅಂತ ಬೆರಳು ಮಡಚಿ ಹೇಳ್ತಾರೆ. ಹಸ್ತೆ, ಚಿತ್ತೆಯ ಸೋನೆಗೆ ತೆನೆ ಸಿಗದ ಹಾಗೆ ಅರ್ಧ ಹೊಲ ಬೇಗ, ಅರ್ಧ ಹೊಲ ತಡವಾಗಿ ಬಿತ್ತುತ್ತಾರೆ. ನನ್ನ ಫೋನು ಈ ವಾರದ್ದು ಹೇಳುತ್ತೆ, ಅವರ ಲೆಕ್ಕ ಜುಲೈನಲ್ಲೇ ಶುರುವಾಗಿರುತ್ತೆ. ನನಗೆ ಎರಡೂ ಬೇಕು ಅನ್ಸುತ್ತೆ.

ನಿಮ್ಮ ಕಡೆಗೆ 23ಕ್ಕೆ ಬಿಡುವು ಕಾಣ್ತಿದೆ. ಬೆಳಗ್ಗೆ ಹೊರಗೆ ಬಂದು ಆಕಾಶ ನೋಡಿ ಖಚಿತ ಮಾಡ್ಕೊಳ್ಳಿ.

ಎರಿ ಭೂಮಿ (ವಿಜಯಪುರ)
22 ಅಕ್ಟೋಬರ್, ಬೆಳಗ್ಗೆ 6:50

ನಮ್ಮ ಕಡೆ ಹಿಂಗಾರಿ ಜೋಳ. ನಿಮಗ ನೀರು ಹೆಚ್ಚಾಗಿ ರೋಗ, ನಮಗ ನೀರು ಕಡಿಮಿ ಆಗಿ ರೋಗ. ಮಾಲದಂಡಿ ಜೋಳದ ತೆನಿ ಕಾಳು ತುಂಬೂ ಹೊತ್ತಿಗೆ ಎರಿ ಬಿರುಕು ಬಿಟ್ಟು ನೆಲ ಒಣಗಿತಂದ್ರ ದಂಟು ಒಳಗಿಂದ ಪೊಳ್ಳಾಗಿ, ಸೀಳಿದ್ರ ನಾರು ನಾರು, ಅದರ ಮ್ಯಾಲ ಇದ್ದಲಿ ಪುಡಿ ಚೆಲ್ಲಿದಂಗ ಕರೀ ಚುಕ್ಕಿ. ಒಂದು ಗಾಳಿ ಬಂದ್ರ ಹೊಲಕ್ಕ ಹೊಲ ಮಲಗತದ. ಅದಕ್ಕೂ ಔಷಧ ಇಲ್ಲ. ಗೊಬ್ಬರ ಮಿತಿಯೊಳಗ ಹಾಕೂದು, ಸಸಿ ತೆಳುವು ಮಾಡೂದು, ಎಡಿ ಹೊಡದು ಬಿರುಕು ಮುಚ್ಚಿ ಹಸಿ ಉಳಿಸೂದು, ಇಷ್ಟ.

ಯೂರಿಯಾ ಲೆಕ್ಕ ಓದಿ ಬರೀಬೇಕು ಅನಿಸ್ತು. ನಿಮ್ಮಲ್ಲೂ ಅದ, ನಮ್ಮಲ್ಲೂ ಅದ.

ಕೆಂಪುಹೊಲ
23 ಅಕ್ಟೋಬರ್, ರಾತ್ರಿ 7:55

ಇವತ್ತು ಹೊಡೆದೆ. ಬೆಳಗ್ಗೆ ಹತ್ತೂವರೆಗೆ ಇಬ್ಬನಿ ಆರಿತು, ಮೂರು ಗಂಟೆಗೆ ಮುಗೀತು. ಹತ್ತೊಂಬತ್ತು ಕ್ಯಾನು ಸರಿಯಾಗಿ ಆಯ್ತು, ತಮ್ಮನ ಮಗ ನೀರು ಹೊತ್ತು ಕೊಟ್ಟ. ಮಳೆ ಬರಲಿಲ್ಲ. ಆರು ಸಾಲು ಬಿಟ್ಟಿದ್ದೀನಿ, ಗೂಟಕ್ಕೆ ಕೆಂಪು ಬಟ್ಟೆ ಕಟ್ಟಿದ್ದೀನಿ. ಟಾನಿಕ್, ಹಾರ್ಮೋನು ವಾಪಸ್ ತಗೊಂಡ್ರು, ಹುಳದ್ದು ತಗೊಳ್ಳಲಿಲ್ಲ.

ತಗ್ಗಿನ ಹೊಲದಲ್ಲಿ ಈಗ ನೂರಕ್ಕೆ 41. ವಿಮೆ ಕಟ್ಟಿದ್ದೀನಿ, ಇದಕ್ಕೆ ಬರುತ್ತಾ?

ಅರಸೀಕೆರೆ ಬೆದ್ದಲು
23 ಅಕ್ಟೋಬರ್, ರಾತ್ರಿ 8:30

ಫಸಲ್ ಬಿಮಾ ಬೆಳೆ ವಿಮೆಯಲ್ಲಿ ರೋಗದ ನಷ್ಟ ನಿನ್ನೊಬ್ಬನ ಹೊಲ ನೋಡಿ ಕೊಡಲ್ಲ. ಪಂಚಾಯ್ತಿಯಲ್ಲಿ ಅಥವಾ ಹೋಬಳಿಯಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ, ಇಡೀ ಘಟಕದ ಇಳುವರಿ ಬಿದ್ದಿದ್ರೆ ಎಲ್ಲರಿಗೂ ಬರುತ್ತೆ. ಊರಲ್ಲಿ ಇನ್ನೂ ಯಾರ್ಯಾರ ಹೊಲಕ್ಕೆ ಬಂದಿದೆ ಕೇಳಿ, ಒಟ್ಟಿಗೆ ಹೋಗಿ ಕೃಷಿ ಇಲಾಖೆಯವರನ್ನ ಕರ್ಕೊಂಡು ಬನ್ನಿ. ಒಬ್ಬೊಬ್ಬರ ಲೆಕ್ಕದಲ್ಲಿ ಕೊಡೋದು ಹೊಲಕ್ಕೆ ನೀರು ನುಗ್ಗಿದ್ರೆ, ಆಲಿಕಲ್ಲು ಬಿದ್ದರೆ, ಇಲ್ಲಾ ಕುಯ್ದು ಹೊಲದಲ್ಲಿ ಒಣಗೋಕೆ ಬಿಟ್ಟ ಅರಿ ಅಕಾಲ ಮಳೆಗೆ ಹಾಳಾದ್ರೆ. ಅದೂ ಕುಯ್ದ ಹದಿನಾಲ್ಕು ದಿನದೊಳಗೆ ಆಗಿರ್ಬೇಕು, ಆದ 72 ಗಂಟೆಯೊಳಗೆ ತಿಳಿಸ್ಬೇಕು. ಫೋಟೋ ತೆಗೆದಿಡು.

ಕೆಂಪುಹೊಲ
18 ನವೆಂಬರ್, ರಾತ್ರಿ 8:05

ತಗ್ಗಿನ ಹೊಲ ಕುಯ್ಲಾಯ್ತು. ಕಟ್ಟು ಒಟ್ಟಿ ಮೆದೆ ಹಾಕಿದ್ದೀವಿ, ಒಕ್ಕಣೆ ಆಮೇಲೆ. ತೆನೆ ಕಟ್ಟು ಎತ್ತಿದ್ರೆ ಹಗುರ. ಪ್ರತಿ ವರ್ಷ ಹೆಣ್ಣಾಳುಗಳು ಹಾಡ್ಕೊಂಡು ಕುಯ್ಯೋರು, ಈ ಸಲ ಯಾರಿಗೂ ಮಾತೇ ಬರಲಿಲ್ಲ. ದಿಣ್ಣೆಯದ್ದು ಇನ್ನೂ ಹತ್ತು ದಿನ ಬೇಕು. ಸ್ವಾತಿ ಮಳೆ ಹೋಗಿ ಬಿಸಿಲು ಬಿದ್ದಿದ್ದರಿಂದ ಎರಡನೇ ಸಲ ಔಷಧಿ ಹೊಡೆಯಲಿಲ್ಲ.

ಸಂಜೆ ಬಸ್ಸು
28 ನವೆಂಬರ್, ಬೆಳಗ್ಗೆ 9:15

ದಿಣ್ಣೆ ಹೊಲ ಕುಯ್ದಿದ್ದೀರಾ? ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಬಲ ಆಗ್ತಿದೆ, ತಮಿಳುನಾಡು ಕರಾವಳಿಗೆ ಬರೋ ಹಾಗಿದೆ. ಅಲ್ಲಿ ದಡ ಸೇರಿದ ಮೇಲೆ ನಮ್ಮ ಕಡೆಗೂ ಎರಡು ಮೂರು ದಿನ ಮಳೆ ಆಗಬಹುದು.

ಕೆಂಪುಹೊಲ
28 ನವೆಂಬರ್, ಬೆಳಗ್ಗೆ 9:40

ಇಲ್ಲ, ನಾಳೆಗೆ ಆಳು ಹೇಳಿದ್ದೆ! ಕುಯ್ಸಿಬಿಡ್ಲಾ, ಬಿಡ್ಲಾ? ಬೇಗ ಹೇಳಿ.

ನಾಲೆ ಬಯಲು
28 ನವೆಂಬರ್, ಬೆಳಗ್ಗೆ 9:52

ಕುಯ್ಸಿ ಅಣ್ಣ, ನಿಂತಿದ್ದು ಮಲಗಿಬಿಟ್ಟರೆ ಮಣ್ಣುಪಾಲು.

ಅರಸೀಕೆರೆ ಬೆದ್ದಲು
28 ನವೆಂಬರ್, ಬೆಳಗ್ಗೆ 10:10

ತಮ್ಮಾ, ಕುಯ್ಯಬೇಡ. 2021ರ ನವೆಂಬರ್ ನೆನಪು ಮಾಡ್ಕೊ. ಆಗ ನಮ್ಮೂರಲ್ಲಿ ಕುಯ್ದು ಅರಿ ಬಿಟ್ಟೋರ ರಾಗಿ ನೆಲದ ಮೇಲೆ ಮೊಳಕೆ ಬಂತು, ಹುಲ್ಲು ಕೊಳೆತು ದನವೂ ಮೂಸಲಿಲ್ಲ. ಕುಯ್ಯದೆ ನಿಲ್ಲಿಸಿದ್ದೋರಿಗೆ ಕಾಳು ಸ್ವಲ್ಪ ಬಣ್ಣ ಕೆಟ್ಟರೂ ಮನೆಗೆ ಬಂತು. ಭತ್ತದ ಲೆಕ್ಕ ಬೇರೆ, ರಾಗಿ ಲೆಕ್ಕ ಬೇರೆ. ನಿಂದು ದಿಣ್ಣೆ, ನೀರು ನಿಲ್ಲಲ್ಲ. ಯೂರಿಯಾ ಕಡಿಮೆ ಹಾಕಿದ್ದರಿಂದ ಕಡ್ಡಿ ಗಟ್ಟಿ ಇದೆ, ಮಲಗಲ್ಲ. ನಿಂತ ತೆನೆಗೆ ಗಾಳಿ ಆಡುತ್ತೆ, ಮಳೆ ಬಿಟ್ಟ ಕೂಡಲೆ ಆರುತ್ತೆ. ನೆಲಕ್ಕೆ ಬಿದ್ದ ಅರಿ ಆರಲ್ಲ.

ಈಗಿನ ಕೆಲಸ ತಗ್ಗಿನ ಹೊಲದ ಮೆದೆ. ತೆನೆ ಒಳಮುಖ ಇದೆಯಾ ನೋಡು. ಮೇಲೆ ಟಾರ್ಪಾಲು, ಸುತ್ತ ಕಾಲುವೆ ತೋಡು, ಕೆಳಗೆ ಕಲ್ಲು ಕೊಟ್ಟು ನೆಲ ಬಿಡಿಸು.

ನಾಲೆ ಬಯಲು
28 ನವೆಂಬರ್, ಬೆಳಗ್ಗೆ 10:18

ಹೌದು, ನಾನು ಭತ್ತದ ತಲೆಯಲ್ಲಿ ಹೇಳಿಬಿಟ್ಟೆ. ಅಣ್ಣನ ಮಾತು ಕೇಳಿ.

ಕೆಂಪುಹೊಲ
5 ಡಿಸೆಂಬರ್, ಸಂಜೆ 6:40

ಫೆಂಗಲ್ ಚಂಡಮಾರುತದ ಮಳೆ ಎರಡು ದಿನ ಬಿಡದೆ ಹಿಡೀತು. ರಾತ್ರಿ ನಿದ್ದೆ ಬರಲಿಲ್ಲ, ಟಾರ್ಚ್ ಹಿಡ್ಕೊಂಡು ಎರಡು ಸಲ ಹೋಗಿ ಬಂದೆ. ದಿಣ್ಣೆ ಹೊಲ ನಿಂತಿದೆ. ಕೆಳಗಿನ ಮೂಲೆಯಲ್ಲಿ ಎರಡು ಮಂಕರಿಯಷ್ಟು ಜಾಗ ಬಗ್ಗಿದೆ, ಉಳಿದದ್ದೆಲ್ಲ ಚೆನ್ನಾಗಿದೆ. ಮೆದೆ ಒಳಗೆ ಕೈ ಹಾಕಿ ನೋಡಿದೆ, ಒಣಗಿದೆ. ಪಕ್ಕದ ಹೊಲದವರು 29ಕ್ಕೆ ಕುಯ್ಸಿದ್ದರು, ಅವರದ್ದು ಅರಿ ನೀರಲ್ಲಿ ತೇಲ್ತಿತ್ತು. 72 ಗಂಟೆ ಲೆಕ್ಕ ಅವರಿಗೆ ಹೇಳಿ, ನಾನೇ ಕೂತು ವಿಮೆಯವರಿಗೆ ದೂರು ಬರೆಸಿದೆ.

ಇವತ್ತು ಬಿಸಿಲು ಬಂತು. ನಾಡಿದ್ದು ಕುಯ್ಲು. ಗೂಟದ ಸಾಲು ಎಣಿಸಿದೆ: ಔಷಧಿ ಹೊಡೆದ ಕಡೆ ನೂರಕ್ಕೆ 4 ಕತ್ತು ಕಪ್ಪು, ಹೊಡೆಯದ ಆರು ಸಾಲಿನಲ್ಲಿ 11.

ಅರಸೀಕೆರೆ ಬೆದ್ದಲು
5 ಡಿಸೆಂಬರ್, ರಾತ್ರಿ 7:15

ಏಳು ತೆನೆ ವ್ಯತ್ಯಾಸ. ನೂರಕ್ಕೆ ಏಳು ಅಂದ್ರೆ ನಿನ್ನ ಹೊಲಕ್ಕೆ ಹತ್ತಿರ ಹತ್ತಿರ ಒಂದು ಕ್ವಿಂಟಲ್, ಔಷಧಿ ಖರ್ಚಿಗಿಂತ ಹೆಚ್ಚು. ನಾನು ಬೇಡ ಅಂದಿದ್ದೆ, ಈ ಹವಾಕ್ಕೆ ಸಾರ್ ಹೇಳಿದ್ದೇ ಸರಿ. ಹಾಗೇ ಔಷಧಿ ಕಾಣದ ಎಂಎಲ್-365ಗೆ 11, ಔಷಧಿ ಕಾಣದ ಮನೆ ಬೀಜಕ್ಕೆ 41. ಅದನ್ನೂ ಅಮ್ಮನಿಗೆ ಹೇಳು.

ಗಿಡದ ಜ್ವರ
5 ಡಿಸೆಂಬರ್, ರಾತ್ರಿ 9:00

ಆ 41ರಲ್ಲಿ ತಳಿಯ ಪಾಲೆಷ್ಟು, ಯೂರಿಯಾ ಪಾಲೆಷ್ಟು, ತಗ್ಗಿನ ಪಾಲೆಷ್ಟು ಅಂತ ಬಿಡಿಸಿ ಹೇಳೋಕಾಗಲ್ಲ ಅಣ್ಣ, ಮೂರೂ ಒಂದೇ ಹೊಲದಲ್ಲಿ ಸೇರಿಬಿಟ್ಟವು. ಮುಂದಿನ ವರ್ಷಕ್ಕೆ ಮೂರನ್ನೂ ಸರಿಮಾಡೋಣ. ಬೀಜ ನೀರಿಗೆ ಹಾಕಿ ತೇಲಿದ್ದನ್ನು ಚೆಲ್ಲಿ, ನೆರಳಲ್ಲಿ ಒಣಗಿಸಿ, ಕೆಜಿಗೆ 2 ಗ್ರಾಂ ಕಾರ್ಬೆಂಡಜಿಮ್ ಹಚ್ಚಿ. ಹಾಗೆ ಹಚ್ಚಿದ ಬೀಜ ಉಳಿದರೆ ಕೋಳಿಗೂ ಹಾಕಬೇಡಿ. ಒಟ್ಲು ಹಳೇ ಬಣವೆ ಪಕ್ಕ ಬೇಡ. ತಗ್ಗಿನ ಹೊಲದ ಹುಲ್ಲು ದನಕ್ಕೆ ಹಾಕಬಹುದು, ಆದರೆ ಗೋದಲಿಯಲ್ಲಿ ಉಳಿದ ಕಡ್ಡಿ ತಿಪ್ಪೆಯಲ್ಲಿ ಪೂರ್ತಿ ಕೊಳೆಯದೆ ಹೊಲಕ್ಕೆ ಹೋಗಬಾರದು. ಸಾಲು ಒಂದಡಿಗೆ ಅಗಲಿಸಿ, ಎಂಟು ಹತ್ತು ಸಾಲಿಗೊಂದು ಅವರೆ ಅಕ್ಕಡಿ (ನಡುವಿನ ಸಾಲು ಬೆಳೆ) ಹಾಕಿ, ಗಾಳಿ ಆಡಲಿ.

ಕೆಂಪುಹೊಲ
22 ಡಿಸೆಂಬರ್, ರಾತ್ರಿ 8:50

ಎರಡೂ ಒಕ್ಕಣೆ ಮುಗೀತು. ತಗ್ಗಿನ ಎರಡೆಕರೆಗೆ 9 ಕ್ವಿಂಟಲ್, ದಿಣ್ಣೆ ಒಂದೂವರೆ ಎಕರೆಗೆ 13. ತೂರುವಾಗ ತಗ್ಗಿನದ್ದರ ಜೊಳ್ಳು ಹಾರಿ ಕಣದಾಚೆ ದಿಬ್ಬ ಆಗಿತ್ತು. ಈ ಸಾಲಿನ (2024-25) ಬೆಂಬಲ ಬೆಲೆ ಕ್ವಿಂಟಲಿಗೆ 4,290, ಫ್ರೂಟ್ಸ್ ನಂಬರ್ (ರೈತರ ನೋಂದಣಿ ಸಂಖ್ಯೆ) ಸರಿ ಇದೆ, ದಿಣ್ಣೆಯದ್ದರಲ್ಲಿ ಹತ್ತು ಕ್ವಿಂಟಲ್ ಕೊಡೋಣ ಅಂತ. ತೇವ 12ರೊಳಗೆ ಇರ್ಬೇಕಂತೆ, ಇನ್ನೆರಡು ಬಿಸಿಲು ಕೊಡ್ತೀನಿ. ತಗ್ಗಿನದ್ದು ಮನೆಗೆ ಮುದ್ದೆಗೆ.

ಅಮ್ಮನ ಹತ್ರ ಬೀಜದ ಮಾತು ತೆಗೆದೆ. ಅಪ್ಪನ ಬೀಜ ಅಂತ ಮೊದಲು ಕಣ್ಣೀರು ಹಾಕಿದಳು. ಆಮೇಲೆ ಬೀಜದ ಡಬ್ಬಿ ಅಕ್ಕ ಬರೆದಿದ್ದನ್ನ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಿತ್ತಲ ಮಡಿಯಲ್ಲಿ ಒಂದು ಸಾಲು ಇರ್ಲಿ, ಹೊಲಕ್ಕೆ ಬೇರೆ ತಗೊಂಡು ಬಾ" ಅಂದಳು.

ಅಕ್ಕಾ, ನಿಮ್ಮ ಹತ್ರ ಜಿಪಿಯು-28 ಬೀಜ ಇದೆಯಾ?

ಬೀಜದ ಡಬ್ಬಿ
22 ಡಿಸೆಂಬರ್, ರಾತ್ರಿ 9:20

ಇದೆ. ರೋಗ ಇಲ್ಲದ ಹೊಲದ ತೆನೆ ಆರಿಸಿ ಬೇರೆ ಒಕ್ಕಿಸಿದ್ದು. ಕೂರಿಗೆಗೆ ಎಕರೆಗೆ ಐದು ಕೆಜಿ, ಎರಡೆಕರೆಗೆ ಹತ್ತು ಕೊಡ್ತೀನಿ. ದುಡ್ಡು ಬೇಡ, ಮುಂದಿನ ವರ್ಷ ಹತ್ತು ಕೆಜಿ ವಾಪಸ್ ಕೊಡಿ, ಇನ್ಯಾರಿಗಾದರೂ ಆಗುತ್ತೆ. ಅಮ್ಮನ ಬೀಜ ಕೂಡ ಒಂದು ಹಿಡಿ ತನ್ನಿ. ದಿಣ್ಣೆ ಹೊಲದ ಅಂಚಲ್ಲಿ ಅದರ ತೆನೆ ಏನಾದ್ರೂ ಆರೋಗ್ಯವಾಗಿ ಬೆಳೆದಿದ್ರೆ ಅದರದ್ದು ತನ್ನಿ, ತಗ್ಗಿನದ್ದು ಬೇಡ. ನನ್ನ ಡಬ್ಬಿಯಲ್ಲಿ ಅದಕ್ಕೂ ಜಾಗ ಇದೆ.

ಕೆಂಪುಹೊಲ
22 ಡಿಸೆಂಬರ್, ರಾತ್ರಿ 9:31

ಬದುವಿನ ಮೇಲೆ ತಾನಾಗೇ ಹುಟ್ಟಿದ್ದ ಏಳೆಂಟು ಬುಡ ಇದ್ದವು ಅಕ್ಕಾ, ಅಮ್ಮ ಅವನ್ನ ಬೇರೆ ಕಟ್ಟಿ ಅಟ್ಟದ ಮೇಲೆ ನೇತುಹಾಕಿದ್ದಾಳೆ. ಭಾನುವಾರ ಅಮ್ಮನ್ನೂ ಕರ್ಕೊಂಡು ಬರ್ತೀನಿ.